ಅಳತೆಗೆ ಒಗ್ಗಿದ ಕೋವಿ: ಆ್ಯನಿ ಓಕ್ಲಿಯ ಗುರಿಯ ಹಿಂದಿನ ಕಥೆ

ಸುಮಾರು ಐದು ಅಡಿ ಎತ್ತರ. ತೆಳುವಾದ ಮೈಕಟ್ಟು. ಕೈಯಲ್ಲಿ ಜೋಡಿ ನಳಿಗೆಯ ಕೋವಿ. ಗಾಳಿಗೆಸೆದ ಗಾಜಿನ ಚೆಂಡುಗಳು ನೆಲ ಮುಟ್ಟುವ ಮುನ್ನವೇ ಚೂರುಚೂರು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕ ಹಾಗೂ ಯುರೋಪಿನ ಪ್ರೇಕ್ಷಕರು ಬೆರಗಾಗಿ ನೋಡಿದ ಆ್ಯನಿ ಓಕ್ಲಿಯ ಚಿತ್ರವಿದು. ಆಕೆ ತೀರಿಕೊಂಡ ಇಪ್ಪತ್ತು ವರ್ಷಗಳ ನಂತರ, 1946ರಲ್ಲಿ, ಆಕೆಯ ಬದುಕನ್ನಾಧರಿಸಿದ ಸಂಗೀತ ನಾಟಕವೊಂದು ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ಜನಪ್ರಿಯವಾಯಿತು. ಅದರ ನಂತರ ಆ್ಯನಿ ಎಂದರೆ ಹುಟ್ಟುಗುಣದಿಂದಲೇ ಗುರಿ ತಪ್ಪದ ಹೆಣ್ಣು ಎಂಬ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು.

ಈ ನಂಬಿಕೆಯಲ್ಲಿ ಮೆಚ್ಚುಗೆ ಇದೆ, ಆದರೆ ಪೂರ್ಣ ಸತ್ಯವಿಲ್ಲ. ಕೀರ್ತಿ ಏರುತ್ತಿದ್ದ ಕಾಲದಲ್ಲಿಯೇ ಆಕೆಯ ಗುರಿ ಒಮ್ಮೆ ಎಲ್ಲರೆದುರು ಕೈಕೊಟ್ಟಿತ್ತು. ಅದನ್ನು ಸರಿಪಡಿಸುವಲ್ಲಿ ನೆರವಾದದ್ದು ಲಂಡನ್ನಿನ ಒಬ್ಬ ಕೋವಿ ತಯಾರಕನ ಅಳತೆಪಟ್ಟಿ. ಕೋವಿ ಹಿಡಿಯುವ ವ್ಯಕ್ತಿಯ ಮೈಗೂ ಕೋವಿಯ ಮರದ ಭಾಗಕ್ಕೂ ಇರುವ ಸಂಬಂಧ ಎಷ್ಟು ಸೂಕ್ಷ್ಮವಾದುದು ಎಂಬುದನ್ನು ಆಕೆಯ ಜೀವನದಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆಗಳು ವಿರಳ.

ಡಾರ್ಕ್ ಕೌಂಟಿಯ ಬಡತನ

ಆ್ಯನಿ ಹುಟ್ಟಿದ್ದು 1860ರ ಆಗಸ್ಟ್ 13ರಂದು, ಅಮೆರಿಕದ ಒಹಾಯೊ ರಾಜ್ಯದ ಡಾರ್ಕ್ ಕೌಂಟಿಯಲ್ಲಿ. ತಂದೆ ತಾಯಿ ಇಟ್ಟ ಹೆಸರು ಫೀಬಿ ಆ್ಯನ್. ತಂದೆ ಜೇಕಬ್ 1866ರಲ್ಲಿ ತೀರಿಕೊಂಡಾಗ ಮಗಳಿಗೆ ಐದು ವರ್ಷ. ತಾಯಿ ಸೂಸನ್ ಮಕ್ಕಳ ದೊಡ್ಡ ಸಂಸಾರವನ್ನು ಒಬ್ಬಳೇ ನಡೆಸಬೇಕಾಯಿತು. ಹತ್ತು ವರ್ಷ ತುಂಬುವ ಹೊತ್ತಿಗೆ ಹುಡುಗಿಯನ್ನು ಕೌಂಟಿಯ ಅನಾಥಾಲಯಕ್ಕೆ ಕಳುಹಿಸಲಾಯಿತು. ಅಲ್ಲಿ ಹೊಲಿಗೆ, ಕಸೂತಿ ಕಲಿತಳು. ಬಳಿಕ ಒಂದು ಮನೆಯಲ್ಲಿ ಜೀತದಾಳಿನಂತೆ ದುಡಿಯಬೇಕಾಯಿತು. ಆ ಮನೆಯವರ ಹೆಸರನ್ನು ಆಕೆ ಜೀವಮಾನವಿಡೀ ಹೇಳಲಿಲ್ಲ. ಅವರನ್ನು ತೋಳಗಳೆಂದೇ ಕರೆಯುತ್ತಿದ್ದಳು.

ತಾಯಿಯ ಮನೆಗೆ ಮರಳಿದ ಮೇಲೆ ಬಾಲಕಿ ಹಿಡಿದದ್ದು ಕೋವಿ. ಮನೆಯಲ್ಲಿ ತಂದೆಯ ಹಳೆಯ ಬಂದೂಕು ಇತ್ತು. ಕಾಡುಕೋಳಿ, ಲಾವುಗೆ, ಮೊಲಗಳನ್ನು ಬೇಟೆಯಾಡಿ ಗ್ರೀನ್‌ವಿಲ್ ಪಟ್ಟಣದ ಕಾಟ್ಸೆನ್‌ಬರ್ಗರ್ ಸಹೋದರರ ದಿನಸಿ ಅಂಗಡಿಗೆ ಮಾರತೊಡಗಿದಳು. ಅಲ್ಲಿಂದ ಆ ಮಾಂಸ ಸಿನ್‌ಸಿನಾಟಿಯ ಹೋಟೆಲುಗಳಿಗೆ ಹೋಗುತ್ತಿತ್ತು. ಈ ದುಡಿಮೆಯಿಂದ ಹದಿನೈದರ ವಯಸ್ಸಿನಲ್ಲಿಯೇ ತಾಯಿಯ ಜಮೀನಿನ ಮೇಲಿದ್ದ ಅಡಮಾನದ ಸಾಲ ತೀರಿಸಿದಳೆಂಬುದು ಆಕೆಯ ಜೀವನದ ಬಹುಶ್ರುತ ಸಂಗತಿ. ಮನೆಯ ಹೊಟ್ಟೆಪಾಡಿಗಾಗಿ ಹಿಡಿದ ಆಯುಧವನ್ನು ಆರಿಸಿಕೊಳ್ಳುವ ಅವಕಾಶ ಅಂದಿನ ಬಡ ಹುಡುಗಿಗೆ ಇರಲಿಲ್ಲ. ಸಿಕ್ಕ ಕೋವಿಗೆ ತನ್ನ ಕುತ್ತಿಗೆ, ಭುಜ, ಕೆನ್ನೆಗಳನ್ನು ಹೊಂದಿಸಿಕೊಳ್ಳುವುದೊಂದೇ ದಾರಿ.

ಬಟ್ಲರ್ ಸೋತ ಸ್ಪರ್ಧೆ

ಫ್ರಾಂಕ್ ಬಟ್ಲರ್ ಐರ್ಲೆಂಡ್ ಮೂಲದ ವೃತ್ತಿಪರ ಗುರಿಕಾರ. ಊರಿಂದೂರಿಗೆ ತಿರುಗಿ ಪ್ರದರ್ಶನ ನೀಡುತ್ತಿದ್ದ, ಸ್ಥಳೀಯರಿಗೆ ಪಂಥಾಹ್ವಾನ ನೀಡುತ್ತಿದ್ದ. ಸಿನ್‌ಸಿನಾಟಿ ಭಾಗಕ್ಕೆ ಬಂದಾಗ ಆತನ ಎದುರಾಳಿಯಾಗಿ ನಿಂತವಳು ಹಳ್ಳಿಯ ಈ ಹುಡುಗಿ. ಒಂದೇ ಒಂದು ಹಕ್ಕಿಯ ಅಂತರದಿಂದ ಬಟ್ಲರ್ ಸೋತನೆಂದು ಹೇಳಲಾಗುತ್ತದೆ. ಇದು ನಡೆದದ್ದು 1875ರಲ್ಲಿ ಎಂದು ಕುಟುಂಬದವರು ಹೇಳುತ್ತ ಬಂದರೆ, 1881 ಎಂದು ನಂತರದ ಜೀವನಚರಿತ್ರಕಾರರು ವಾದಿಸಿದ್ದಾರೆ. ವರ್ಷ ಯಾವುದೇ ಇರಲಿ, ಸೋತವನು ಗೆದ್ದವಳನ್ನು ಮದುವೆಯಾದ. ಐದು ದಶಕಗಳ ಸಮೀಪ ಬಾಳಿದ ಆ ದಾಂಪತ್ಯದಲ್ಲಿ ಬಟ್ಲರ್ ನಿಧಾನವಾಗಿ ತಾನು ಹಿಂದೆ ಸರಿದು ಹೆಂಡತಿಯ ವ್ಯವಸ್ಥಾಪಕನಾದ, ಆಕೆಗೆ ಗುರಿ ಎಸೆಯುವವನಾದ.

1882ರಲ್ಲಿ ಬಟ್ಲರನ ಜೊತೆಗಾರ ಅಸ್ವಸ್ಥನಾದ ದಿನ ಆ್ಯನಿ ವೇದಿಕೆ ಏರಿದಳು. ಓಕ್ಲಿ ಎಂಬ ಹೆಸರು ಬಂದದ್ದು ಈ ಅವಧಿಯಲ್ಲಿ. 1884ರಲ್ಲಿ ಮಿನೆಸೋಟದ ಸೇಂಟ್ ಪಾಲ್ ನಗರದಲ್ಲಿ ಆಕೆಯ ಪ್ರದರ್ಶನ ಕಂಡ ಲಕೋಟ ಜನಾಂಗದ ನಾಯಕ ಸಿಟ್ಟಿಂಗ್ ಬುಲ್ ಆಕೆಯನ್ನು ಮಗಳೆಂದು ಭಾವಿಸಿ, ಪುಟ್ಟ ಗುರಿಕಾರ್ತಿ ಎಂಬ ಅರ್ಥದ ಹೆಸರನ್ನಿತ್ತ. ಮರುವರ್ಷ, 1885ರಲ್ಲಿ, ಬಫೆಲೊ ಬಿಲ್ ಎಂದೇ ಹೆಸರಾದ ವಿಲಿಯಂ ಕೋಡಿಯ ವೈಲ್ಡ್ ವೆಸ್ಟ್ ಪ್ರದರ್ಶನ ತಂಡಕ್ಕೆ ಆ್ಯನಿ ಸೇರಿದಳು.

ಆ ತಂಡದಲ್ಲಿ ಆಕೆ ತುಂಬಿದ್ದು ಆ್ಯಡಂ ಬೊಗಾರ್ಡಸ್ ಬಿಟ್ಟುಹೋದ ಜಾಗವನ್ನು. ಬೊಗಾರ್ಡಸ್ ಅಂದಿನ ಅಮೆರಿಕದ ಪ್ರಖ್ಯಾತ ಗುರಿಕಾರ, ಗಾಜಿನ ಚೆಂಡುಗಳನ್ನೆಸೆಯುವ ಯಂತ್ರವನ್ನು ಸುಧಾರಿಸಿದವನು. 1880ರಲ್ಲಿ ಸಿನ್‌ಸಿನಾಟಿಯ ಜಾರ್ಜ್ ಲಿಗಾವ್‌ಸ್ಕಿ ಜೇಡಿಮಣ್ಣಿನ ಚಪ್ಪಟೆ ಗುರಿಗೆ ಪೇಟೆಂಟ್ ಪಡೆದಿದ್ದ. ಇಂದು ಒಲಿಂಪಿಕ್ಸ್‌ನ ಟ್ರ್ಯಾಪ್, ಸ್ಕೀಟ್ ಸ್ಪರ್ಧೆಗಳಲ್ಲಿ ಒಡೆಯುವ ಬಿಲ್ಲೆಗಳ ಪೂರ್ವಜ ಅದು. ಹೀಗೆ ಗುರಿಯ ಆಟ ಕ್ರೀಡೆಯಾಗಿ ರೂಪುಗೊಳ್ಳುತ್ತಿದ್ದ ಕಾಲದಲ್ಲಿ ಆ್ಯನಿ ಕಣಕ್ಕಿಳಿದಿದ್ದಳು. 1880ರ ದಶಕದ ಮಧ್ಯಭಾಗದಲ್ಲಿ ಒಂದೇ ದಿನ 5,000 ಗಾಜಿನ ಚೆಂಡುಗಳಿಗೆ ಗುರಿಯಿಟ್ಟು 4,772ನ್ನು ಒಡೆದ ದಾಖಲೆಯೂ ಆಕೆಯ ಹೆಸರಿನಲ್ಲಿದೆ.

ಲಂಡನ್ನಿನಲ್ಲಿ ತಪ್ಪಿದ ಗುರಿ

1887 ವಿಕ್ಟೋರಿಯಾ ರಾಣಿ ಪಟ್ಟವೇರಿದ ಐವತ್ತನೆಯ ವರ್ಷದ ಸಂಭ್ರಮದ ವರ್ಷ. ಲಂಡನ್ನಿನ ಅರ್ಲ್ಸ್ ಕೋರ್ಟ್‌ನಲ್ಲಿ ಏರ್ಪಟ್ಟ ಅಮೆರಿಕನ್ ಪ್ರದರ್ಶನಕ್ಕೆ ಕೋಡಿಯ ತಂಡ ಹಡಗೇರಿ ಬಂದಿತು. ಮೇ ತಿಂಗಳಲ್ಲಿ ರಾಣಿಯೇ ಪ್ರದರ್ಶನ ವೀಕ್ಷಿಸಿದಳು. ಪತ್ರಿಕೆಗಳಲ್ಲಿ ಆ್ಯನಿಯ ಹೆಸರು ರಾರಾಜಿಸಿತು. ಇಂಗ್ಲಿಷ್ ಶ್ರೀಮಂತರ ಗನ್ ಕ್ಲಬ್ಬುಗಳಿಂದ ಆಹ್ವಾನಗಳು ಬಂದವು.

ಆದರೆ ಕ್ಲಬ್ಬಿನ ಮೈದಾನ ಪ್ರದರ್ಶನದ ಅಖಾಡವಲ್ಲ. ಅಲ್ಲಿ ಪಂಜರದಿಂದ ಹೊರಬಿಡುತ್ತಿದ್ದ ನೀಲಿ ಪಾರಿವಾಳಗಳು ಚಿಕ್ಕವು, ಅತಿ ವೇಗದವು. ಯಾವ ದಿಕ್ಕಿಗೆ ಹಾರುವವೆಂದು ಮೊದಲೇ ಊಹಿಸಲಾಗದು. ಮೊದಲ ಯತ್ನದಲ್ಲಿ ಆಕೆಯ ಫಲಿತಾಂಶ ಕೀರ್ತಿಗೆ ತಕ್ಕುದಾಗಿರಲಿಲ್ಲ. ತಂದಿದ್ದ ಕೋವಿಗಳು ಆಕೆಯ ಮೈಗೆ ಭಾರವಾಗಿದ್ದವು, ಅಳತೆಯಲ್ಲಿಯೂ ಸರಿಹೊಂದುತ್ತಿರಲಿಲ್ಲ. ತನ್ನವರೇ ಎಸೆಯುವ ಚೆಂಡು ಎಲ್ಲಿಗೆ ಬರುವುದೆಂದು ತಿಳಿದಿದ್ದಾಗ ಈ ಕೊರತೆಯನ್ನು ಅಭ್ಯಾಸ ಮುಚ್ಚಿಹಾಕುತ್ತಿತ್ತು. ಹಕ್ಕಿ ಅನಿರೀಕ್ಷಿತವಾಗಿ ಹಾರಿದಾಗ ಅದು ಬಯಲಾಯಿತು.

ನೆರವಿಗೆ ಬಂದವನು ನ್ಯೂ ಬಾಂಡ್ ಸ್ಟ್ರೀಟ್‌ನ ಚಾರ್ಲ್ಸ್ ಲಂಕಾಸ್ಟರ್. ಆತನ ನಿಜನಾಮ ಹೆನ್ರಿ ಥಾರ್ನ್. 1826ರಲ್ಲಿ ಆರಂಭಗೊಂಡ ಲಂಕಾಸ್ಟರ್ ಸಂಸ್ಥೆಯನ್ನು ಕೊಂಡು, ಅದರ ಸ್ಥಾಪಕನ ಹೆಸರಿನಿಂದಲೇ ವ್ಯವಹಾರ ನಡೆಸುತ್ತಿದ್ದ ಕುಶಲಿ. ಗಿರಾಕಿಯನ್ನು ಮೈದಾನಕ್ಕೆ ಕರೆದೊಯ್ದು, ಆತ ಕೋವಿಯನ್ನು ಭುಜಕ್ಕೇರಿಸುವ ಬಗೆ ನೋಡಿ, ದೋಷ ಗುರುತಿಸಿ, ಅದಕ್ಕೆ ತಕ್ಕಂತೆ ಮರ ಕೆತ್ತಿಸುವುದು ಆತನ ವಿಧಾನ. 1889ರಲ್ಲಿ ಅದೇ ಹೆಸರಿನಲ್ಲಿ ಆತ ಪ್ರಕಟಿಸಿದ ಗುರಿವಿದ್ಯೆಯ ಪುಸ್ತಕ ದೀರ್ಘಕಾಲ ಮರುಮುದ್ರಣ ಕಂಡಿತು. ಈತ ಆ್ಯನಿಯ ಮೈಯಳತೆಗೆ ತಕ್ಕ, ಮೊದಲಿನವುಗಳಿಗಿಂತ ಹಗುರವಾದ ಕೋವಿಗಳನ್ನು ಮಾಡಿಕೊಟ್ಟ. ತನ್ನ ಅಭ್ಯಾಸದ ಮೈದಾನವನ್ನೂ ತೆರೆದಿಟ್ಟ. ಕೆಲವೇ ವಾರಗಳಲ್ಲಿ ಇಂಗ್ಲೆಂಡಿನ ಹಕ್ಕಿಗಳ ಮೇಲೂ ಆಕೆಯ ಗುರಿ ಸರಿಹೋಯಿತು. ಲಂಕಾಸ್ಟರನ ಕೋವಿಗಳು ಮುಂದೆ ಆಕೆಯ ನೆಚ್ಚಿನ ಆಯುಧಗಳಾದವು.

ಕಣ್ಣೇ ಹಿಂದಿನ ಗುರಿಗಂಟು

ಇಲ್ಲಿ ಓದುಗರಿಗೆ ಒಂದು ಪ್ರಶ್ನೆ ಏಳುವುದು ಸಹಜ. ಅಷ್ಟೊಂದು ಅಭ್ಯಾಸವಿದ್ದವಳಿಗೆ ಮರದ ತುಂಡಿನ ಅಳತೆ ಏಕಷ್ಟು ಮುಖ್ಯವಾಯಿತು? ಉತ್ತರ ಶಾಟ್‌ಗನ್ನಿನ ರಚನೆಯಲ್ಲಿದೆ. ಕೊಡಗು, ಮಲೆನಾಡುಗಳಲ್ಲಿ ತೋಟಾ ಕೋವಿ ಎನ್ನುವುದು ಇದನ್ನೇ.

ರೈಫಲ್ಲಿನಲ್ಲಿ ಒಂದೇ ಗುಂಡು. ನಳಿಗೆಯ ಮುಂತುದಿಯಲ್ಲಿ ಒಂದು ಗುರಿಗಂಟು, ಹಿಂಭಾಗದಲ್ಲಿ ಸೀಳಿರುವ ಇನ್ನೊಂದು. ಎರಡನ್ನೂ ಗುರಿಯೊಡನೆ ಒಂದೇ ಗೆರೆಗೆ ತಂದರೆ ಗುಂಡು ಎಲ್ಲಿ ಬೀಳುವುದೆಂಬುದು ನಿಶ್ಚಿತ. ಗುರಿ ಬದಿಗೆ ಸರಿದರೆ ಹಿಂದಿನ ಗಂಟನ್ನು ಕೊಂಚ ಅತ್ತಿತ್ತ ಸರಿಸಿ ಸರಿಪಡಿಸಬಹುದು. ಶಾಟ್‌ಗನ್ನಿನಲ್ಲಿ ನೂರಾರು ಸಣ್ಣ ಚರೆಗಳು ಒಟ್ಟಿಗೆ ಹಾರುತ್ತವೆ. ನಳಿಗೆಯ ತುದಿಯಲ್ಲಿರುವುದು ಒಂದು ಪುಟ್ಟ ಮಣಿ ಮಾತ್ರ. ಹಿಂದೆ ಏನೂ ಇಲ್ಲ. ಅಲ್ಲಿರುವುದು ಹೊಡೆಯುವವನ ಕಣ್ಣು. ಕಣ್ಣೇ ಹಿಂದಿನ ಗುರಿಗಂಟು.

ಆ ಕಣ್ಣನ್ನು ನಳಿಗೆಯ ನೇರಕ್ಕೆ ತಂದು ನಿಲ್ಲಿಸುವುದು ಕೋವಿಯ ಮರದ ಭಾಗ. ಭುಜಕ್ಕೆ ಒತ್ತಿ, ಕೆನ್ನೆಗೆ ತಾಗಿಸುವ ಈ ಭಾಗಕ್ಕೆ ಸ್ಟಾಕ್ ಎನ್ನುತ್ತಾರೆ. ಸ್ಟಾಕಿನ ಮೇಲಂಚು ಎತ್ತರವಾಗಿದ್ದರೆ ಕಣ್ಣು ಮೇಲಕ್ಕೇರುತ್ತದೆ, ಚರೆಯೂ ಮೇಲೆ ಹೋಗುತ್ತದೆ. ತಗ್ಗಾಗಿದ್ದರೆ ಕಣ್ಣು ಕೆಳಗಿಳಿದು ಚರೆಯೂ ಕೆಳಗೆ ಬೀಳುತ್ತದೆ. ಕಣ್ಣು ಎಡಕ್ಕೆ ಸರಿದರೆ ಚರೆಯೂ ಎಡಕ್ಕೆ. ರೈಫಲ್ಲಿನ ಹಿಂದಿನ ಗಂಟನ್ನು ಸರಿಸಿದರೆ ಏನಾಗುವುದೋ ಅದೇ ಇಲ್ಲಿಯೂ ಆಗುತ್ತದೆ.

ಲೆಕ್ಕ ಸರಳ. ಕಣ್ಣಿನಿಂದ ಮಣಿಗೆ ಇರುವ ದೂರ ಸುಮಾರು 90 ಸೆಂಟಿಮೀಟರ್. 16 ಗಜ, ಅಂದರೆ ಸುಮಾರು 14.6 ಮೀಟರ್ ದೂರದ ಗುರಿ ಅದರ 16 ಪಟ್ಟು ದೂರದಲ್ಲಿದೆ. ಹಾಗಾಗಿ ಕಣ್ಣು 1/16 ಅಂಗುಲ, ಅಂದರೆ 1.6 ಮಿಲಿಮೀಟರ್ ಸರಿದರೆ ಚರೆಯ ನಡುಬಿಂದು ಒಂದು ಅಂಗುಲ ಸರಿಯುತ್ತದೆ. ಕೋವಿ ತಯಾರಕರು ಇಂದಿಗೂ ಬಳಸುವ ಸೂತ್ರವಿದು. ಬಿಳಿ ಬಣ್ಣ ಬಳಿದ ಕಬ್ಬಿಣದ ಫಲಕದ ಮೇಲೆ ಗುರುತೊಂದನ್ನು ಹಾಕಿ, 16 ಗಜ ದೂರದಿಂದ, ನಿಧಾನವಾಗಿ ಗುರಿ ಹಿಡಿಯದೆ, ಕೋವಿಯನ್ನು ಭುಜಕ್ಕೇರಿಸಿದ ಕ್ಷಣವೇ ಹಲವು ಬಾರಿ ಹೊಡೆಸುತ್ತಾರೆ. ಚರೆಯ ಗುಂಪು ಗುರುತಿಗಿಂತ ಎರಡು ಅಂಗುಲ ಕೆಳಗಿದ್ದರೆ ಮೇಲಂಚನ್ನು 2/16 ಅಂಗುಲ ಎತ್ತರಿಸಬೇಕೆಂದು ಅರ್ಥ.

ದೂರ ಹೆಚ್ಚಿದಂತೆ ದೋಷವೂ ಹಿಗ್ಗುತ್ತದೆ. 40 ಗಜ ದೂರದಲ್ಲಿ ಕಾಲು ಅಂಗುಲದ ತಪ್ಪು 10 ಅಂಗುಲವಾಗುತ್ತದೆ. ಚರೆ ಎಷ್ಟು ಒತ್ತಾಗಿ ಬೀಳುತ್ತದೆಂದು ಅಳೆಯಲು ಆ ದೂರದಲ್ಲಿ ಬಳಸುವ ವೃತ್ತದ ವ್ಯಾಸ 30 ಅಂಗುಲ, ಅಂದರೆ ತ್ರಿಜ್ಯ 15 ಅಂಗುಲ. ನಡುಬಿಂದುವೇ 10 ಅಂಗುಲ ಸರಿದ ಮೇಲೆ ಹಕ್ಕಿ ಚರೆಯ ವಿರಳ ಅಂಚಿನಲ್ಲಿ ಉಳಿಯುತ್ತದೆ. ಹೊಡೆದವಳಿಗೆ ತಾನು ಸರಿಯಾಗಿಯೇ ಹೊಡೆದೆನೆಂಬ ಭಾವನೆ, ಆದರೆ ಹಕ್ಕಿ ಹಾರಿಹೋಗಿರುತ್ತದೆ.

ದರ್ಜಿಯ ಕೆಲಸ

ಒಳ್ಳೆಯ ಕೋವಿ ತಯಾರಕ ಒಂದರ್ಥದಲ್ಲಿ ದರ್ಜಿ. ಆತ ಮುಖ್ಯವಾಗಿ ನಾಲ್ಕು ಅಳತೆಗಳನ್ನು ನೋಡುತ್ತಾನೆ.

ಮೊದಲನೆಯದು ಉದ್ದ, ಅಂದರೆ ಟ್ರಿಗರ್‌ನಿಂದ ಸ್ಟಾಕಿನ ಹಿಂತುದಿಯವರೆಗಿನ ಅಂತರ. ಹೆಚ್ಚಾದರೆ ಕೋವಿ ಏರಿಸುವಾಗ ತೋಳಿನ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ, ಭುಜದ ಗುಳಿಯಲ್ಲಿ ಕೂರದೆ ತೋಳಿನ ಮೇಲೆ ಜಾರುತ್ತದೆ. ಕಡಿಮೆಯಾದರೆ ಹಿಡಿದ ಕೈಯ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ. ಎರಡನೆಯದು ನಳಿಗೆಯ ಗೆರೆಯಿಂದ ಸ್ಟಾಕಿನ ಮೇಲಂಚು ಎಷ್ಟು ಕೆಳಗಿದೆ ಎಂಬ ಇಳಿಜಾರು. ಚರೆ ಮೇಲೆ ಬೀಳುವುದೋ ಕೆಳಗೆ ಬೀಳುವುದೋ ಇದರಿಂದ ನಿರ್ಧಾರವಾಗುತ್ತದೆ. ಆ ಕಾಲದ ಅಮೆರಿಕನ್ ಕೋವಿಗಳಲ್ಲಿ ಇಳಿಜಾರು ಸಾಮಾನ್ಯವಾಗಿ ಹೆಚ್ಚು. ಅಂಥ ಕೋವಿಯಲ್ಲಿ ಕೆನ್ನೆಯನ್ನು ಪೂರ್ಣ ಒತ್ತಿದರೆ ಕಣ್ಣಿಗೆ ಕೋವಿಯ ಹಿಂಭಾಗವೇ ಅಡ್ಡ. ನೋಡಲೆಂದು ತಲೆ ಎತ್ತಿದರೆ ಕೆನ್ನೆಯ ಆಸರೆ ತಪ್ಪಿ ಕಣ್ಣು ಪ್ರತಿ ಬಾರಿ ಬೇರೆ ಬೇರೆ ಎತ್ತರದಲ್ಲಿ ನಿಲ್ಲುತ್ತದೆ.

ಮೂರನೆಯದು ಓರೆ. ಬಲಗೈಯವರ ಕೋವಿಯಲ್ಲಿ ಸ್ಟಾಕನ್ನು ಕೊಂಚ ಬಲಕ್ಕೆ ಬಾಗಿಸಿರುತ್ತಾರೆ. ಕೆನ್ನೆಯ ದಪ್ಪದಿಂದಾಗಿ ಕಣ್ಣು ನಳಿಗೆಯ ಎಡಕ್ಕೆ ನಿಲ್ಲದಿರಲಿ ಎಂಬುದು ಇದರ ಉದ್ದೇಶ. ನಾಲ್ಕನೆಯದು ಹಿಂತುದಿಯ ಕೋನ. ಇದು ಸರಿಯಿಲ್ಲದಿದ್ದರೆ ಸ್ಟಾಕಿನ ಕೆಳಮೂಲೆ ಎದೆಗೆ ಚುಚ್ಚುತ್ತದೆ, ಕೋವಿ ಒದ್ದಾಗ ಜಾರುತ್ತದೆ. ಹೆಂಗಸರ ಮೈಕಟ್ಟಿಗೆ ಈ ಕೋನ ವಿಶೇಷವಾಗಿ ಮುಖ್ಯ.

ಸರಾಸರಿ ಗಂಡಸಿನ ಮೈಗೆ ಮಾಡಿದ ಕೋವಿ ಐದು ಅಡಿಯ ಹೆಂಗಸಿನ ಕೈಯಲ್ಲಿ ಈ ನಾಲ್ಕರಲ್ಲಿಯೂ ತಪ್ಪಾಗುವ ಸಾಧ್ಯತೆಯೇ ಹೆಚ್ಚು. ಜೊತೆಗೆ ಭಾರ. ಭಾರದ ಕೋವಿ ಕಡಿಮೆ ಒದೆಯುತ್ತದೆ ಎಂಬುದು ನಿಜ. ಆದರೆ ಮುಂಗೈ ಸೋತಂತೆ ನಳಿಗೆಯ ತುದಿ ಬಾಗುತ್ತದೆ, ಅಡ್ಡ ಹಾರುವ ಹಕ್ಕಿಯ ಹಿಂದೆಯೇ ಉಳಿಯುತ್ತದೆ. ಆ್ಯನಿ ಬಾಲ್ಯದಿಂದ ಈ ಎಲ್ಲ ತಪ್ಪುಗಳನ್ನು ಮೈಬಾಗಿಸಿ ಸರಿದೂಗಿಸುತ್ತಿದ್ದಳು. ಲಂಕಾಸ್ಟರ್ ಆ ಹೊರೆಯನ್ನು ಆಕೆಯ ಮೈಯಿಂದ ಇಳಿಸಿ ಮರಕ್ಕೆ ವರ್ಗಾಯಿಸಿದ.

ಮಣಿಯನ್ನು ನೋಡಿದರೆ ಗುರಿ ತಪ್ಪುತ್ತದೆ

ಹಾಗಾದರೆ ನಳಿಗೆಯ ತುದಿಯ ಮಣಿಯ ಕೆಲಸವೇನು? ಗುರಿಗೆ ನೆರವಾಗಲೆಂದು ಕಾಲಕಾಲಕ್ಕೆ ಹಲವು ಸಾಧನಗಳು ಬಂದಿವೆ. ದಂತದ ಮಣಿ, ಹಿತ್ತಾಳೆಯ ಮಣಿ, ನಡುವಿನಲ್ಲಿ ಇನ್ನೊಂದು ಚಿಕ್ಕ ಮಣಿ, ನಳಿಗೆಯ ಮೇಲೆ ಎತ್ತರಿಸಿದ ಪಟ್ಟಿ, ಇತ್ತೀಚಿನ ವರ್ಷಗಳಲ್ಲಿ ಬಣ್ಣದಲ್ಲಿ ಹೊಳೆಯುವ ಫೈಬರ್ ಎಳೆ. ಇವೆಲ್ಲ ನಳಿಗೆ ಎಲ್ಲಿದೆ ಎಂದು ಕಣ್ಣಂಚಿಗೆ ತಿಳಿಸುವ ಸೂಚನೆಗಳಷ್ಟೇ. ಎರಡು ಮಣಿಗಳಿದ್ದರೆ ಕೋವಿ ಭುಜದಲ್ಲಿ ಸರಿಯಾಗಿ ಕೂತಿದೆಯೇ ಎಂದು ಮೊದಲೇ ಪರೀಕ್ಷಿಸಬಹುದು. ಒಂದರ ಮೇಲೊಂದು ಎಂಟರ ಅಂಕಿಯಂತೆ ಕಂಡರೆ ಕಣ್ಣು ನಳಿಗೆಯ ನೇರದಲ್ಲಿದೆ. ಪಕ್ಕಕ್ಕೆ ಸರಿದು ಕಂಡರೆ ಓರೆ ತಪ್ಪಿದೆ.

ಹಕ್ಕಿ ಹಾರಿದ ಮೇಲೆ ಮಾತ್ರ ಮಣಿಯನ್ನು ಮರೆಯಬೇಕು. ಕಣ್ಣು ಏಕಕಾಲಕ್ಕೆ ಹತ್ತಿರದ ಮಣಿಯನ್ನೂ ದೂರದ ಹಕ್ಕಿಯನ್ನೂ ಸ್ಪಷ್ಟವಾಗಿ ಕಾಣಲಾರದು. ಮಣಿಯತ್ತ ದೃಷ್ಟಿ ಹೊರಳಿದ ಕ್ಷಣ ಕೈ ನಿಲ್ಲುತ್ತದೆ, ಹಕ್ಕಿ ಮುಂದೆ ಸಾಗುತ್ತದೆ, ಚರೆ ಹಿಂದೆ ಬೀಳುತ್ತದೆ. ಮಣಿಯನ್ನು ಕಂಡೂ ಕಾಣದಂತೆ ಹಕ್ಕಿಯನ್ನೇ ನೋಡುವವನಿಗೆ ಕೋವಿ ತಾನಾಗಿ ಕಣ್ಣಿನ ನೇರಕ್ಕೆ ಬರಬೇಕು. ಅದು ಬರುವುದು ಅಳತೆ ಸರಿಯಿದ್ದಾಗ ಮಾತ್ರ. ಅಳತೆ ತಪ್ಪಿದ ಕೋವಿಗೆ ಎಷ್ಟು ಹೊಳೆಯುವ ಮಣಿ ಕೂರಿಸಿದರೂ ಚರೆಯ ದಾರಿ ಬದಲಾಗದು. ತಪ್ಪು ಕಂಡು ಕಣ್ಣು ಮಣಿಯತ್ತಲೇ ಓಡುವುದರಿಂದ ಕೆಲವೊಮ್ಮೆ ಹಾನಿಯೇ ಹೆಚ್ಚು. ಮಣಿಯನ್ನು ಎತ್ತರಿಸಿ, ಅದನ್ನೇ ನೋಡಿ ಗುರಿಹಿಡಿದರೆ ಚರೆ ಕೆಳಗೆ ಬೀಳುತ್ತದೆ ಎಂಬುದೂ ಇಲ್ಲಿ ಗಮನಾರ್ಹ. ಮುಂದಿನ ಗಂಟನ್ನು ಎತ್ತರಿಸಿದರೆ ಗುರಿ ಇಳಿಯುವುದು ಎಲ್ಲ ಬಂದೂಕುಗಳ ನಿಯಮ.

ಇಂದಿನ ಕೆಂಪು ಚುಕ್ಕೆಯ ಗುರಿಯಂತ್ರ ಇದಕ್ಕೊಂದು ಅಪವಾದ. ಗಾಜಿನಲ್ಲಿ ಕಾಣುವ ಚುಕ್ಕೆಯನ್ನು ತಿರುಪು ತಿರುಗಿಸಿ ಚರೆ ಬೀಳುವ ಸ್ಥಳಕ್ಕೆ ಹೊಂದಿಸಬಹುದು. ಕಣ್ಣು ಅಲ್ಪಸ್ವಲ್ಪ ಸರಿದರೂ ಚುಕ್ಕೆ ಹೆಚ್ಚು ಮೋಸ ಮಾಡದು. ಆದರೂ ಕೆನ್ನೆ ತಪ್ಪಾದಲ್ಲಿ ಕೂತರೆ ಚುಕ್ಕೆಯನ್ನು ಹುಡುಕುವುದರಲ್ಲಿಯೇ ಹಕ್ಕಿ ಹಾರಿಹೋಗುತ್ತದೆ.

ಅಳತೆ ಎಂದರೆ ಎಲ್ಲರಿಗೂ ಒಂದೇ ಗುರಿಬಿಂದು ಎಂದೂ ಅಲ್ಲ. ಟ್ರ್ಯಾಪ್ ಸ್ಪರ್ಧೆಯ ಬಿಲ್ಲೆ ಮೇಲೇರುತ್ತ ದೂರ ಸಾಗುವುದರಿಂದ ಆ ಕೋವಿಗಳ ಮೇಲಂಚನ್ನು ಉದ್ದೇಶಪೂರ್ವಕವಾಗಿ ಎತ್ತರಿಸುತ್ತಾರೆ. ಚರೆಯ ಶೇ. 60ರಿಂದ 70ರಷ್ಟು ಗುರಿಬಿಂದುವಿನ ಮೇಲೆ ಹೋಗುವಂತೆ ಹೊಂದಿಸುವುದು ರೂಢಿ. ಹೊಡೆಯುವವನು ಬಿಲ್ಲೆಯನ್ನು ನಳಿಗೆಯಿಂದ ಮರೆಮಾಡದೆ, ಅದರ ಕೆಳಗೇ ಇರಿಸಿ ಹೊಡೆಯಬಹುದು.

ಕನ್ನಡಿಯೊಳಗಿನ ಗುರಿ

ಆ್ಯನಿಯ ಪ್ರದರ್ಶನದ ಅತಿ ಪ್ರಸಿದ್ಧ ಭಾಗ ಈ ನಿಯಮವನ್ನು ತಲೆಕೆಳಗು ಮಾಡುವಂಥದು. ಗುರಿಗೆ ಬೆನ್ನು ಹಾಕಿ, ಬಂದೂಕನ್ನು ಹೆಗಲ ಮೇಲೆ ಹಿಮ್ಮುಖವಾಗಿರಿಸಿ, ಕೈಗನ್ನಡಿಯಲ್ಲಿ ನೋಡಿ ಹೊಡೆಯುತ್ತಿದ್ದಳು. ಇಲ್ಲಿ ಕೆನ್ನೆ ಸ್ಟಾಕಿಗೆ ತಾಗುವುದಿಲ್ಲ, ಅಳತೆಯ ನೆರವಿಲ್ಲ. ನಳಿಗೆಯ ಗೆರೆಯನ್ನೂ ಗುರಿಯನ್ನೂ ಕನ್ನಡಿಯಲ್ಲಿ ಒಂದುಗೂಡಿಸುವುದೊಂದೇ ಮಾರ್ಗ. ಗುರಿಗಂಟುಗಳನ್ನು ನಂಬಿ ಹೊಡೆಯುವುದೂ, ಅಳತೆಯನ್ನು ನಂಬಿ ಹೊಡೆಯುವುದೂ ಎರಡು ಬೇರೆ ವಿದ್ಯೆಗಳು. ಇಸ್ಪೀಟಿನ ಎಲೆಯನ್ನು ತೂತು ಮಾಡುವಾಗ ಮೊದಲನೆಯದು, ಗಾಜಿನ ಚೆಂಡುಗಳ ಸುರಿಮಳೆಗೆ ಎರಡನೆಯದು. ಆಕೆ ಎರಡನ್ನೂ ಬಲ್ಲವಳಾಗಿದ್ದಳು. ತೂತು ಹಾಕಿದ ಉಚಿತ ಟಿಕೆಟುಗಳಿಗೆ ಅಮೆರಿಕದ ರಂಗಭೂಮಿಯವರು ಬಹುಕಾಲ ಆ್ಯನಿ ಓಕ್ಲಿ ಎಂದೇ ಹೆಸರಿಟ್ಟು ಕರೆಯುತ್ತಿದ್ದುದು ಆ ಇಸ್ಪೀಟೆಲೆಗಳ ನೆನಪಿನಿಂದ.

1887ರ ಕೊನೆಯಲ್ಲಿ ಕೋಡಿಯ ತಂಡ ಬಿಟ್ಟಿದ್ದ ಆಕೆ ಮತ್ತೆ ಸೇರಿ 1889ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಭಾಗವಹಿಸಿದಳು. ಯುರೋಪಿನ ಹಲವು ದೇಶಗಳನ್ನು ಸುತ್ತಿದಳು. 1894ರಲ್ಲಿ ಥಾಮಸ್ ಎಡಿಸನ್ನನ ಸ್ಟುಡಿಯೊದಲ್ಲಿ ಆಕೆ ಬಂದೂಕು ಹೊಡೆಯುವ ಚಲನಚಿತ್ರದ ತುಣುಕನ್ನು ಚಿತ್ರೀಕರಿಸಲಾಯಿತು. ಸಿನಿಮಾ ಎಂಬ ಮಾಧ್ಯಮ ಕಣ್ತೆರೆಯುತ್ತಿದ್ದ ಕಾಲದ ಆ ತುಣುಕು ಇಂದಿಗೂ ಉಳಿದಿದೆ. 1898ರಲ್ಲಿ ಅಮೆರಿಕ ಮತ್ತು ಸ್ಪೇನ್ ನಡುವೆ ಯುದ್ಧದ ಮೋಡ ಕವಿದಾಗ, ಐವತ್ತು ಮಹಿಳಾ ಗುರಿಕಾರರ ಪಡೆಯನ್ನು ಒದಗಿಸುವೆನೆಂದು ಅಧ್ಯಕ್ಷ ಮೆಕಿನ್ಲಿಗೆ ಪತ್ರ ಬರೆದಳು. ಆ ಕೊಡುಗೆಯನ್ನು ಸರ್ಕಾರ ಸ್ವೀಕರಿಸಲಿಲ್ಲ.

ಅಪಘಾತ, ಅಪಪ್ರಚಾರ

1901ರ ಅಕ್ಟೋಬರ್ 29ರಂದು ಉತ್ತರ ಕೆರೊಲಿನಾದ ಲೆಕ್ಸಿಂಗ್ಟನ್ ಬಳಿ ಕೋಡಿ ತಂಡದ ರೈಲು ಇನ್ನೊಂದು ರೈಲಿಗೆ ಡಿಕ್ಕಿ ಹೊಡೆಯಿತು. ತಂಡದ ನೂರಕ್ಕೂ ಹೆಚ್ಚು ಕುದುರೆಗಳು ಸತ್ತವು. ಆ್ಯನಿಗಾದ ಗಾಯಗಳ ತೀವ್ರತೆಯ ಬಗ್ಗೆ ಜೀವನಚರಿತ್ರಕಾರರಲ್ಲಿ ಒಮ್ಮತವಿಲ್ಲ. ಆದರೆ ಆ ಅಪಘಾತದೊಂದಿಗೆ ಕೋಡಿ ತಂಡದ ಆಕೆಯ ಬದುಕು ಮುಗಿಯಿತು ಎಂಬುದು ಖಚಿತ.

ಇನ್ನೊಂದು ಪೆಟ್ಟು ಬಿದ್ದದ್ದು ಪತ್ರಿಕೆಗಳಿಂದ. 1903ರಲ್ಲಿ ಷಿಕಾಗೊದಲ್ಲಿ ಮಾದಕ ವಸ್ತುವಿನ ಚಟಕ್ಕಾಗಿ ಕಳ್ಳತನ ಮಾಡಿ ಸಿಕ್ಕಿಬಿದ್ದ ಮಹಿಳೆಯೊಬ್ಬಳು ತಾನೇ ಆ್ಯನಿ ಓಕ್ಲಿ ಎಂದು ಹೇಳಿಕೊಂಡಳು. ವಿಲಿಯಂ ರ‍್ಯಾಂಡಾಲ್ಫ್ ಹರ್ಸ್ಟ್ ಒಡೆತನದ ಪತ್ರಿಕೆಗಳು ಪರಿಶೀಲಿಸದೆ ಸುದ್ದಿ ಹಚ್ಚಿದವು. ದೇಶದ ಉದ್ದಗಲಕ್ಕೂ ಬೇರೆ ಪತ್ರಿಕೆಗಳು ಅದನ್ನೇ ನಕಲಿಸಿದವು. ನಿಜವಾದ ಆ್ಯನಿ ಸುಮ್ಮನಿರಲಿಲ್ಲ. 55 ಮಾನನಷ್ಟ ಮೊಕದ್ದಮೆಗಳನ್ನು ಹೂಡಿದಳು. ಏಳೆಂಟು ವರ್ಷಗಳ ಅಲೆದಾಟದ ಬಳಿಕ ಒಂದನ್ನು ಬಿಟ್ಟು ಉಳಿದೆಲ್ಲವೂ ಆಕೆಯ ಪರವಾದವು. ಪರಿಹಾರವಾಗಿ ಬಂದ ಹಣಕ್ಕಿಂತ ಖರ್ಚೇ ಹೆಚ್ಚಾಯಿತೆಂಬುದು ಆ ಹೋರಾಟದ ಉದ್ದೇಶ ಹಣವಾಗಿರಲಿಲ್ಲ ಎಂಬುದಕ್ಕೆ ಸಾಕ್ಷಿ.

ಪೈನ್‌ಹರ್ಸ್ಟಿನ ಪಾಠಶಾಲೆ

1913ರಲ್ಲಿ ಪ್ರದರ್ಶನಗಳಿಂದ ನಿವೃತ್ತಳಾದ ಆ್ಯನಿ, ನಂತರದ ವರ್ಷಗಳಲ್ಲಿ ಉತ್ತರ ಕೆರೊಲಿನಾದ ಪೈನ್‌ಹರ್ಸ್ಟ್ ವಿಹಾರಧಾಮದಲ್ಲಿ ಗಂಡನೊಡನೆ ಚಳಿಗಾಲ ಕಳೆಯತೊಡಗಿದಳು. ಅಲ್ಲಿನ ಗನ್ ಕ್ಲಬ್ಬಿನಲ್ಲಿ ಮಹಿಳೆಯರಿಗೆ ಗುರಿ ಕಲಿಸಲಾರಂಭಿಸಿದಳು. ಜೀವಮಾನದಲ್ಲಿ ಆಕೆಯಿಂದ ಕಲಿತ ಮಹಿಳೆಯರ ಸಂಖ್ಯೆ 15,000 ಮೀರಿತ್ತೆಂಬ ಅಂದಾಜಿದೆ.

ಪೈನ್‌ಹರ್ಸ್ಟಿನ ಈ ಅಧ್ಯಾಯಕ್ಕೆ ಪ್ರದರ್ಶನದ ಥಳಕಿಲ್ಲ. ಆದರೆ ಆಕೆಯ ಬದುಕಿನ ಸಾರ್ಥಕತೆ ಹೆಚ್ಚಾಗಿ ಅಲ್ಲಿಯೇ ಇದೆ. ಗಂಡನ ಅಥವಾ ಅಣ್ಣನ ಕೋವಿ ಹಿಡಿದು ಬರುವ ಹೆಂಗಸು ಹತ್ತು ಬಾರಿ ತಪ್ಪಿ, ಭುಜ ನೋಯಿಸಿಕೊಂಡು, ಇದು ತನ್ನಿಂದಾಗದ ವಿದ್ಯೆ ಎಂದು ಕೈಬಿಡುವುದು ಎಲ್ಲ ಕಾಲದ ಕಥೆ. ತಪ್ಪು ಇರುವುದು ಕಣ್ಣಿನಲ್ಲೋ ಧೈರ್ಯದಲ್ಲೋ ಅಲ್ಲ, ಅರ್ಧ ಅಂಗುಲ ಉದ್ದವಾದ ಮರದಲ್ಲಿ ಎಂಬುದು ಆಕೆಗೆ ಹೊಳೆಯುವುದೇ ಇಲ್ಲ. ಲಂಡನ್ನಿನ ಮೈದಾನದಲ್ಲಿ ಆ ಸೋಲನ್ನೂ ಅದರ ಕಾರಣವನ್ನೂ ಸ್ವತಃ ಕಂಡಿದ್ದ ಗುರು ಆ ಹೆಂಗಸರಿಗೆ ದೊರೆತದ್ದು ಅವರ ಭಾಗ್ಯ.

1922ರಲ್ಲಿ, 62ನೆಯ ವಯಸ್ಸಿನಲ್ಲಿ, ಪೈನ್‌ಹರ್ಸ್ಟಿನ ಸ್ಪರ್ಧೆಯೊಂದರಲ್ಲಿ 16 ಗಜದ ಗೆರೆಯಿಂದ ಸತತ 100 ಮಣ್ಣಿನ ಬಿಲ್ಲೆಗಳನ್ನು ಒಡೆದಳೆಂದು ದಾಖಲಾಗಿದೆ. ಅದೇ ವರ್ಷದ ನವೆಂಬರಿನಲ್ಲಿ ಫ್ಲಾರಿಡಾದಲ್ಲಿ ಕಾರು ಅಪಘಾತಕ್ಕೊಳಗಾಗಿ ಸೊಂಟ ಮತ್ತು ಕಾಲಿನ ಮೂಳೆ ಮುರಿಯಿತು. ಬಲಗಾಲಿಗೆ ಉಕ್ಕಿನ ಆಸರೆ ಕಟ್ಟಿಕೊಂಡೇ ನಡೆಯಬೇಕಾಯಿತು. ನಿಲ್ಲುವ ಭಂಗಿ ಬದಲಾದರೆ ಭುಜದ ಎತ್ತರ, ಕುತ್ತಿಗೆಯ ಬಾಗು, ಕೆನ್ನೆಯ ಒತ್ತು ಎಲ್ಲವೂ ಬದಲಾಗುತ್ತವೆ. ಹಾಗಿದ್ದೂ ಚೇತರಿಸಿಕೊಂಡ ಮೇಲೆ ಮತ್ತೆ ಕೋವಿ ಹಿಡಿದಳು, ಮತ್ತೆ ಗುರಿ ಮುಟ್ಟಿದಳು.

1926ರ ನವೆಂಬರ್ 3ರಂದು ಒಹಾಯೊದ ಗ್ರೀನ್‌ವಿಲ್‌ನಲ್ಲಿ ಆ್ಯನಿ ಓಕ್ಲಿ ನಿಧನಳಾದಳು. ಹದಿನೆಂಟು ದಿನಗಳ ಬಳಿಕ ಫ್ರಾಂಕ್ ಬಟ್ಲರ್ ಕೂಡ ಆಕೆಯನ್ನು ಹಿಂಬಾಲಿಸಿದ. ಬಾಲ್ಯದಲ್ಲಿ ಬೇಟೆಯ ಮಾಂಸ ಮಾರಲು ಬರುತ್ತಿದ್ದ ಅದೇ ಗ್ರೀನ್‌ವಿಲ್ ಪಟ್ಟಣದ ಗಾರ್ಸ್ಟ್ ವಸ್ತುಸಂಗ್ರಹಾಲಯದಲ್ಲಿ ಆಕೆಗೆ ಸಂಬಂಧಿಸಿದ ವಸ್ತುಗಳ ಸಂಗ್ರಹವಿದೆ.

ಉಳಿದ ಪಾಠ

ಇಂದು ಟ್ರ್ಯಾಪ್ ಮತ್ತು ಸ್ಕೀಟ್‌ನಲ್ಲಿ ಮಹಿಳೆಯರಿಗೆ ಪ್ರತ್ಯೇಕ ಒಲಿಂಪಿಕ್ ಪದಕಗಳಿವೆ. ಮೇಲಂಚನ್ನು ತಿರುಪಿನಿಂದ ಏರಿಳಿಸಬಲ್ಲ ಸ್ಟಾಕುಗಳು, ಉದ್ದ ಮತ್ತು ಕೋನ ಬದಲಿಸುವ ತುಂಡುಗಳು ಸುಲಭವಾಗಿ ದೊರೆಯುತ್ತವೆ. ಕೆಲವು ತಯಾರಕರು ಮಹಿಳೆಯರ ಅಳತೆಗೆಂದೇ ಕೋವಿಗಳನ್ನು ರೂಪಿಸುತ್ತಾರೆ. ಆದರೂ ಗುರಿ ತಪ್ಪಿದಾಗ ಮೊದಲು ಮಣಿಯನ್ನು ಬದಲಿಸುವ, ಹೊಳೆಯುವ ಸಾಧನ ಕೊಳ್ಳುವ ಚಾಳಿ ಹೋಗಿಲ್ಲ. ಕೋವಿ ಎಲ್ಲಿಗೆ ಹೊಡೆಯುತ್ತಿದೆ ಎಂದು ಬಿಳಿ ಫಲಕದ ಮೇಲೆ ಮೊದಲು ನೋಡಿ, ಅಳತೆ ಸರಿಪಡಿಸಿ, ಆಮೇಲೆ ಮಣಿಯ ಮಾತಾಡಿ ಎಂಬುದು ನೂರು ವರ್ಷಕ್ಕೂ ಹಿಂದಿನ ಪಾಠ.

ಆ್ಯನಿಯನ್ನು ಹುಟ್ಟು ಗುರಿಕಾರ್ತಿ ಎಂದು ಹೊಗಳುವಾಗ ನಾವು ಎರಡು ಶ್ರಮಗಳನ್ನು ಮರೆಯುತ್ತೇವೆ. ಒಂದು, ಅಳತೆಗೆ ಸಿಗದ ಕೋವಿಯನ್ನು ವರ್ಷಗಟ್ಟಲೆ ಪಳಗಿಸಿದ ಹುಡುಗಿಯದು. ಇನ್ನೊಂದು, ಆಕೆಯ ಮೈಗೆ ಕೋವಿಯನ್ನು ಒಗ್ಗಿಸಿದ ಕುಶಲಕರ್ಮಿಯದು. ಪ್ರತಿಭೆಗೆ ತಕ್ಕ ಉಪಕರಣ ದೊರೆಯದೆ ಮರೆಯಾದವರ ಹೆಸರುಗಳು ಇತಿಹಾಸದಲ್ಲಿ ಉಳಿಯುವುದಿಲ್ಲ. ಆಕೆಗೆ ಅದು 26ನೆಯ ವಯಸ್ಸಿನಲ್ಲಿ, ಸಮುದ್ರ ದಾಟಿದ ಮೇಲೆ ದೊರೆಯಿತು. ತನಗೆ ತಡವಾಗಿ ದೊರೆತ ಆ ತಿಳಿವಳಿಕೆ ಇತರ ಹೆಂಗಸರ ಕೈಗೂ ಸೇರುವಂತೆ ಆಕೆ ಬದುಕಿನ ಕೊನೆಯ ದಶಕವನ್ನು ಮೀಸಲಿಟ್ಟಳು.